ರಕ್ತಭೇದಿಗೆ ಪ್ರೋಬಯಾಟಿಕ್ ಔಷಧಿ ಅಲ್ಲ

ಸೋನೆ ಮಳೆ ಹಿಡಿದ್ರೆ ನಮ್ಮ ಸೋಂಪುರ, ತ್ಯಾಮಗೊಂಡ್ಲು ಕಡೆ ಬ್ರಾಯ್ಲರ್ ಶೆಡ್‌ಗಳಲ್ಲಿ ಅದೇ ಕಥೆ. 20 ದಿನ ದಾಟಿದ ಮರಿಗಳು ರೆಕ್ಕೆ ಇಳಿಬಿಟ್ಟು ಮೂಲೆ ಸೇರ್ತವೆ, ಹಿಕ್ಕೆಯಲ್ಲಿ ರಕ್ತ. ಅಂಗಡಿಗೆ ಓಡಿದ್ರೆ ಈಗೀಗ ಮೊದಲು ಕೈಗೆ ಕೊಡೋದು ಪ್ರೋಬಯಾಟಿಕ್ ಡಬ್ಬಿ. "ಕೆಮಿಕಲ್ ಇಲ್ಲ, ಕರುಳು ಸರಿ ಮಾಡುತ್ತೆ" ಅಂತಾರೆ. ಪ್ರೋಬಯಾಟಿಕ್ ಕೆಟ್ಟದ್ದಲ್ಲ ಸ್ವಾಮಿ. ರಕ್ತ ಕಂಡ ದಿನ ಅದೊಂದನ್ನೇ ನಂಬಿ ಕೂರಬಾರದು ಅಂತ ನಾನು ಹೇಳೋದು.

ರಕ್ತಭೇದಿ ತರೋದು ಐಮೀರಿಯಾ ಅನ್ನೋ ಪರಾವಲಂಬಿ. ಬ್ಯಾಕ್ಟೀರಿಯಾ ಅಲ್ಲ, ಜಂತುಹುಳಾನೂ ಅಲ್ಲ. ಅದು ಕರುಳಿನ ಗೋಡೆಯ ಜೀವಕೋಶದ ಒಳಗೇ ಹೊಕ್ಕು, ಬೆಳೆದು, ಗೋಡೆ ಒಡ್ಕೊಂಡು ಬರುತ್ತೆ. ಹಿಕ್ಕೆ ಜೊತೆ ಬಿದ್ದ ಅದರ ಮೊಟ್ಟೆಯಂಥ ಕಣ ಒದ್ದೆ ಹೊಟ್ಟಿನಲ್ಲಿ ಒಂದೆರಡು ದಿನಕ್ಕೆ ಸೋಂಕು ಹಚ್ಚೋಕೆ ತಯಾರು. ವಾರದೊಳಗೆ ಇನ್ನೊಂದು ಸುತ್ತು. ನಮಗೆ ರಕ್ತ ಕಾಣೋ ಹೊತ್ತಿಗೆ ಕರುಳು ಆಗಲೇ ಹರಿದಿರುತ್ತೆ. ಅಲ್ಲಿ ಬೇಕಾದ್ದು ಆಂಪ್ರೋಲಿಯಂ ಅಥವಾ ಟಾಲ್ಟ್ರಾಜುರಿಲ್ ಥರದ ಔಷಧಿ, ಅದೂ ಡಾಕ್ಟ್ರು ಹೇಳಿದ ಅಳತೆಗೆ. ಆಂಪ್ರೋಲಿಯಂ ಕೊಡುವಾಗ ಬಿ-ಕಾಂಪ್ಲೆಕ್ಸ್ ಸೇರಿಸ್ಬೇಡಿ. ಅದು ಕೆಲಸ ಮಾಡೋದೇ ಬಿ-1 ವಿಟಮಿನ್ ತಡೆದು. ಮಾರೋಕೆ ಎಷ್ಟು ದಿನ ಮುಂಚೆ ನಿಲ್ಲಿಸ್ಬೇಕು ಅಂತಾನೂ ಕೇಳ್ಕೊಳಿ.

ಹಾಗಾದ್ರೆ ಪ್ರೋಬಯಾಟಿಕ್ ಯಾವಾಗ? ಮೊದಲ ದಿನದಿಂದ, ಇಲ್ಲಾಂದ್ರೆ ಔಷಧಿ ಕೋರ್ಸ್ ಮುಗಿದ ಮೇಲೆ. ಹರಿದ ಕರುಳಲ್ಲಿ ಕ್ಲಾಸ್ಟ್ರಿಡಿಯಂ ಕೂತು ಕರುಳು ಕೊಳೆಸೋ ಇನ್ನೊಂದು ರೋಗ ಬರುತ್ತೆ, ಅಲ್ಲಿ ಅದು ಆಸರೆ ಆಗಬಹುದು. ಮೊದಲಿಂದ ತಿಂದ ಕೋಳಿಗಳಲ್ಲಿ ತೂಕ ಅಷ್ಟಾಗಿ ಇಳಿಯಲಿಲ್ಲ, ಹಿಕ್ಕೆಯಲ್ಲಿ ಕಣ ಕಡಿಮೆ ಬಿತ್ತು ಅಂತ ಕೆಲವು ಪ್ರಯೋಗ ತೋರಿಸಿವೆ. ಎಲ್ಲದರಲ್ಲೂ ಅದೇ ಫಲ ಬಂದಿಲ್ಲ. ಡಬ್ಬಿ ಮೇಲೆ ಏನಿದೆ ನೋಡಿ: ಬ್ಯಾಸಿಲಸ್ ಆದ್ರೆ ಬೀಜಕ ರೂಪದಲ್ಲಿರುತ್ತೆ, ಪೆಲೆಟ್ ಫೀಡ್‌ನ ಬಿಸಿ ತಡೆಯುತ್ತೆ. ಲ್ಯಾಕ್ಟೋಬ್ಯಾಸಿಲಸ್ ಸಾಮಾನ್ಯವಾಗಿ ತಡೆಯಲ್ಲ. ಬ್ಲೀಚಿಂಗ್ ಪುಡಿ ಹಾಕಿದ ಟ್ಯಾಂಕ್ ನೀರಿಗೆ ಬೆರೆಸಿದ್ರೆ ದುಡ್ಡು ಚರಂಡಿಗೆ.

ನನ್ನ ಕೇಳಿದ್ರೆ ಮೊದಲ ಖರ್ಚು ನಿಪ್ಪಲ್‌ಗೆ. ಸೋರೋ ನಿಪ್ಪಲ್ ಕೆಳಗಿನ ಹೊಟ್ಟು ಹಿಡಿ ತಗೊಂಡು ಹಿಸುಕಿ, ಕೈ ಬಿಟ್ರೂ ಉಂಡೆಯಾಗೇ ನಿಂತ್ರೆ ಅದೇ ರೋಗದ ಮನೆ. ಉಂಡೆ ಕಟ್ಟಿದ್ದನ್ನ ಹೊರಗೆ ಹಾಕಿ, ಉಳಿದದ್ದು ತಿರುವಿ, ಒಣ ಹೊಟ್ಟು ಹರಡಿ, ಗಾಳಿ ಆಡೋಕೆ ಪರದೆ ಎತ್ತಿ. ಚಳಿ ಅಂತ ಪೂರ್ತಿ ಮುಚ್ಚಿಡೋರು ನಮ್ಮಲ್ಲೇ ಜಾಸ್ತಿ!

ಕಾಂಟ್ರಾಕ್ಟ್‌ನಲ್ಲಿ ಸಾಕೋರಿಗೆ ಇನ್ನೊಂದು ಮಾತು. ಫೀಡು ಕಂಪನಿದು, ಡಬ್ಬಿ ದುಡ್ಡು ನಮ್ಮ ಜೇಬಿಂದು, ತೂಕ ಇಳಿದ್ರೆ ಕೂಲಿ ಕಡಿತಾನೂ ನಮಗೇ. ಫೀಡಲ್ಲಿ ಸ್ಯಾಲಿನೋಮೈಸಿನ್, ಮಡುರಾಮೈಸಿನ್ ಥರದ ರಕ್ತಭೇದಿ ತಡೆ ಔಷಧಿ ಯಾವುದಿದೆ, ಯಾವ ದಿನದವರೆಗೆ ಇದೆ ಅಂತ ಸೂಪರ್‌ವೈಸರನ್ನ ಕೇಳಿ, ಶೆಡ್ ಕಾರ್ಡ್ ಮೇಲೆ ಬರೆಸ್ಕೊಳಿ. ಆಮೇಲೂ ರಕ್ತ ಬಂದ್ರೆ ಆಗತಾನೇ ಸತ್ತ ಎರಡು ಮರಿ ತಗೊಂಡು ಪಶು ಆಸ್ಪತ್ರೆಗೋ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೋ ಹೋಗಿ, ಕೊಯ್ಸಿ ನೋಡಿ. ಡಬ್ಬಿ ಆಮೇಲೆ ತಗೊಂಡ್ರಾಯ್ತು.