ಮುನ್ನೆಚ್ಚರಿಕೆ ಯಾರ ಕಿವಿಗೆ?

ವಾಯುಗುಣದ ಬದಲಾವಣೆ ಭೌತವಿಜ್ಞಾನದ ವಿಷಯ, ಸ್ತ್ರೀಪುರುಷರ ಸಮಾನತೆ ಸಮಾಜಶಾಸ್ತ್ರದ ವಿಷಯ. ಇವೆರಡನ್ನೂ ಒಂದೇ ನೀತಿಯಲ್ಲಿ ಬೆಸೆಯುವುದೇಕೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಪ್ರಶ್ನೆ ಸಹಜವಾದುದೇ. ಅದಕ್ಕೆ ಉತ್ತರವನ್ನು ಬಂಗಾಳ ಕೊಲ್ಲಿಯ ದಡದಲ್ಲಿ ಕಾಣಬಹುದು.

1991ನೆಯ ಇಸವಿ ಏಪ್ರಿಲ್ 29ರ ರಾತ್ರಿ ಬಾಂಗ್ಲಾದೇಶದ ಚಿತ್ತಗಾಂಗ್ ಕರಾವಳಿಗೆ ಭೀಕರ ಚಂಡಮಾರುತವೊಂದು ಅಪ್ಪಳಿಸಿತು. ಸುಮಾರು 6 ಮೀಟರ್ ಎತ್ತರಕ್ಕೆ ಉಬ್ಬಿದ ಕಡಲು ನೆಲಕ್ಕೆ ನುಗ್ಗಿ ಸುಮಾರು 1,38,000 ಜನರನ್ನು ಬಲಿತೆಗೆದುಕೊಂಡಿತು. ಮಡಿದವರಲ್ಲಿ ಗಂಡಸರಿಗಿಂತ ಹೆಂಗಸರೇ ಬಹಳ ಹೆಚ್ಚು. ಅಲೆಗೆ ಗಂಡು ಹೆಣ್ಣೆಂಬ ಭೇದವುಂಟೆ? ಇಲ್ಲ, ಭೇದವಿದ್ದುದು ದಡದಲ್ಲಿ. ಮುನ್ನೆಚ್ಚರಿಕೆ ಹೊರಟಿತ್ತು, ಆದರೆ ಅದು ಸಂತೆಬೀದಿಯ ಗಂಡಸರನ್ನು ಮುಟ್ಟಿದಂತೆ ಮನೆಯೊಳಗಿನ ಹೆಂಗಸರನ್ನು ಮುಟ್ಟಲಿಲ್ಲ. ಸುದ್ದಿ ತಿಳಿದವರಲ್ಲಿಯೂ ಅನೇಕರು ಗಂಡನ ಅನುಮತಿಗಾಗಿ ಕಾದರು. ಮಕ್ಕಳನ್ನೂ ಮುದುಕರನ್ನೂ ಬಿಟ್ಟು ಓಡಲಾರದೆ ನಿಂತರು. ಪರಪುರುಷರಿಂದ ತುಂಬಿದ ಆಶ್ರಯಗೃಹವನ್ನು ಹೊಗಲು ಅಳುಕಿದರು.

ಭೌತವಿಜ್ಞಾನದ ಭಾಷೆಯಲ್ಲಿ ಹೇಳುವುದಾದರೆ, ಪ್ರೇಷಕ ಯಂತ್ರವೇನೋ ಕೆಲಸ ಮಾಡಿತು, ಗ್ರಾಹಕಕ್ಕೆ ಸಂಪರ್ಕವಿರಲಿಲ್ಲ. ಅಂತಹ ವ್ಯವಸ್ಥೆಯನ್ನು ಯಾವ ಎಂಜಿನಿಯರನೂ ಪೂರ್ಣವೆಂದು ಒಪ್ಪಲಾರನು.

2007ರ ಸಿದ್ರ್ ಚಂಡಮಾರುತವೂ ಅತ್ಯುಗ್ರವಾಗಿತ್ತು. ಆದರೆ ಅಲ್ಲಿ ಮಡಿದವರು ಸುಮಾರು 3,400. ಉತ್ತಮ ಮುನ್ಸೂಚನೆ, ಹೆಚ್ಚಿದ ಆಶ್ರಯಗೃಹಗಳು, ಹಳ್ಳಿಹಳ್ಳಿಯ ಸ್ವಯಂಸೇವಕರು ಎಲ್ಲವೂ ಇದಕ್ಕೆ ಕಾರಣ. ಆಗಲೂ ಹೆಂಗಸರ ಸಾವೇ ಅಧಿಕವಾಗಿದ್ದಿತು. ಆ ದೇಶದ ಚಂಡಮಾರುತ ಸನ್ನದ್ಧತಾ ಕಾರ್ಯಕ್ರಮದ ಸ್ವಯಂಸೇವಕರಲ್ಲಿ ಈಗ ಸುಮಾರು ಅರ್ಧದಷ್ಟು ಮಂದಿ ಸ್ತ್ರೀಯರಿರುವುದು ಸುಮ್ಮನೆಯಲ್ಲ. ಗಂಡಸರು ಕಾಲಿಡದ ಅಂಗಳಕ್ಕೂ ಅವರ ಕರೆ ಮುಟ್ಟುತ್ತದೆ.

ಮುಂದಿನ ದಿನಗಳು ಸುಲಭವಾಗಿಲ್ಲ. ಗಾಳಿಯ ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹೊರಬಲ್ಲದು. ಕಾದ ಕಡಲು ಬಿರುಗಾಳಿಗೆ ಶಕ್ತಿಯನ್ನೂಡುತ್ತದೆ. ಏರಿದ ಸಮುದ್ರಮಟ್ಟ ಅಲೆಯನ್ನು ಇನ್ನಷ್ಟು ಒಳನಾಡಿಗೆ ತರುತ್ತದೆ. 2015ರ ಪ್ಯಾರಿಸ್ ಒಪ್ಪಂದದ ಪೀಠಿಕೆಯಲ್ಲಿ ಸ್ತ್ರೀಪುರುಷ ಸಮಾನತೆಯ ಉಲ್ಲೇಖವಿದೆ. ಪೀಠಿಕೆಯ ಮಾತು ಪ್ರಾಣ ಉಳಿಸದು. ಆಶ್ರಯಗೃಹವನ್ನು ಎಲ್ಲಿ ಕಟ್ಟಬೇಕು, ಅದರಲ್ಲಿ ಸ್ತ್ರೀಯರಿಗೆ ಪ್ರತ್ಯೇಕ ಕೋಣೆ ಇರಬೇಕೆ, ಬೀಗದ ಕೈ ಯಾರಲ್ಲಿರಬೇಕು ಎಂದು ತೀರ್ಮಾನಿಸುವ ಸಮಿತಿಯಲ್ಲಿ ಅವರಿಗೆ ಸ್ಥಾನವಿದೆಯೇ ಎಂಬುದೇ ಮುಖ್ಯ.

ಈ ಸ್ಥಾನ ಕರುಣೆಯ ಕೊಡುಗೆಯಲ್ಲ; ವ್ಯವಸ್ಥೆ ಕೆಲಸಮಾಡಬೇಕಾದರೆ ಬೇಕೇಬೇಕಾದ ಅಂಗ. ನಾಳೆ ಹವಾಮಾನತಜ್ಞರೂ ಎಂಜಿನಿಯರರೂ ಆಗಲಿರುವ ತರುಣ ತರುಣಿಯರು ಗಾಳಿಯ ವೇಗವನ್ನು ಅಳೆಯುವಷ್ಟೇ ಶ್ರದ್ಧೆಯಿಂದ, ತಮ್ಮ ಎಚ್ಚರಿಕೆ ಯಾರ ಕಿವಿಗೆ ಮುಟ್ಟಿತು, ಯಾರ ಕಿವಿಗೆ ಮುಟ್ಟಲಿಲ್ಲ ಎಂಬುದನ್ನೂ ಅಳೆಯಲಿ.