ಬೀಳುವ ಹಲ್ಲೆಂಬ ಉದಾಸೀನವೇಕೆ?

ಹಾಲುಹಲ್ಲು ಹೇಗೂ ಬಿದ್ದುಹೋಗುವಂಥದ್ದು, ಹುಳುಕಾದರೇನು ಎಂಬ ಮಾತು ನಮ್ಮ ಮನೆಗಳಲ್ಲಿ ಇಂದಿಗೂ ಸಲೀಸಾಗಿ ಕೇಳಿಬರುತ್ತದೆ. ನಾನು ವಾಸಿಸುವ ಯಲಹಂಕದ ಅಟ್ಟೂರು ಇದಕ್ಕೆ ಹೊರತಲ್ಲ. ಹಳೆಯ ಊರಿನ ಸುತ್ತ ಬಡಾವಣೆಗಳು ಹಬ್ಬಿವೆ; ದಂತ ಚಿಕಿತ್ಸಾಲಯಗಳ ಫಲಕಗಳಿಗೆ ಕೊರತೆಯಿಲ್ಲ. ಅನತಿ ದೂರದ ಹುಣಸಮಾರನಹಳ್ಳಿಯಲ್ಲಿ ಕೃಷ್ಣದೇವರಾಯ ದಂತ ವೈದ್ಯಕೀಯ ಕಾಲೇಜೇ ಇದೆ. ಆದರೂ ಮಗುವನ್ನು ದಂತವೈದ್ಯರ ಬಳಿಗೆ ಒಯ್ಯುವುದು ಕೆನ್ನೆ ಊದಿ, ಮನೆಮಂದಿಯೆಲ್ಲ ನಿದ್ದೆಗೆಟ್ಟ ಮೇಲೆಯೇ.

ಇದು ಒಂದು ಬಡಾವಣೆಯ ಕಥೆಯಲ್ಲ. ಭಾರತೀಯ ದಂತ ವೈದ್ಯಕೀಯ ಪರಿಷತ್ತು 2002-03ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಐದು ವರ್ಷದ ಮಕ್ಕಳ ಪೈಕಿ ಸುಮಾರು ಶೇ 52ರಷ್ಟು ಮಂದಿಯಲ್ಲಿ ದಂತಕ್ಷಯ ಕಂಡುಬಂದಿತ್ತು. ಜಗತ್ತಿನಲ್ಲಿ 51 ಕೋಟಿಗೂ ಹೆಚ್ಚು ಮಕ್ಕಳ ಹಾಲುಹಲ್ಲು ಹುಳುಕಾಗಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಹೇಳಿದೆ.

ಇಪ್ಪತ್ತು ಹಾಲುಹಲ್ಲುಗಳು ಸುಮಾರು ಆರನೇ ತಿಂಗಳಿಂದ ಮೊಳೆತು, ಮೂರು ವರ್ಷದೊಳಗೆ ಪೂರ್ಣವಾಗುತ್ತವೆ. ಹಿಂಬದಿಯ ದವಡೆ ಹಲ್ಲುಗಳು ಬೀಳುವುದು ಹತ್ತು-ಹನ್ನೆರಡನೇ ವಯಸ್ಸಿಗೆ. ಅಷ್ಟು ಕಾಲ ಮಗು ಅಗಿಯಬೇಕಾದದ್ದು, ಸ್ಪಷ್ಟವಾಗಿ ಮಾತನಾಡಬೇಕಾದದ್ದು ಈ ಹಲ್ಲುಗಳಿಂದಲೇ. ಬರಲಿರುವ ಶಾಶ್ವತ ಹಲ್ಲಿಗೆ ಜಾಗ ಕಾಯುವುದೂ ಇವುಗಳೇ. ಅಕಾಲದಲ್ಲಿ ಕಿತ್ತರೆ ಪಕ್ಕದ ಹಲ್ಲು ವಾಲಿ, ಮುಂದೆ ಹಲ್ಲಿನ ಸಾಲೇ ವಕ್ರವಾಗುತ್ತದೆ.

ಕಾರಣಗಳು ನಿಗೂಢವಲ್ಲ. ಮಲಗುವಾಗ ಬಾಯಿಗಿಟ್ಟ ಸಕ್ಕರೆ ಬೆರೆಸಿದ ಹಾಲಿನ ಬಾಟಲಿ, ಜೇನು ಸವರಿದ ಚೀಪು, ಅಳು ನಿಲ್ಲಿಸಲು ಕೊಡುವ ಬಿಸ್ಕತ್ತು ಸಾಲದೇ? ನಿದ್ದೆಯಲ್ಲಿ ಜೊಲ್ಲು ಕಡಿಮೆ. ಬಾಯಲ್ಲುಳಿದ ಸಿಹಿಯನ್ನು ಸೂಕ್ಷ್ಮಾಣುಗಳು ಆಮ್ಲವಾಗಿಸಿ ಹಾಲುಹಲ್ಲಿನ ತೆಳು ಕವಚವನ್ನು ಕರಗಿಸುತ್ತವೆ. ಮೊದಲ ಸೂಚನೆ ಮೇಲಿನ ಮುಂಬಲ್ಲಿನ ಬುಡದಲ್ಲಿ ಸುಣ್ಣದಂಥ ಬಿಳಿ ಗೆರೆ. ಆ ಹಂತದಲ್ಲಿ ಗುರುತಿಸಿದರೆ ಕೊರೆಯದೆ, ಕೀಳದೆ ಹಲ್ಲನ್ನು ಉಳಿಸಬಹುದು. ಆದರೆ ತುಟಿ ಎತ್ತಿ ನೋಡುವವರು ಯಾರು?

ಮನೆಯಲ್ಲಿ ಮಾಡಬೇಕಾದದ್ದು ದುಬಾರಿಯೇನಲ್ಲ. ಹಲ್ಲು ಮೂಡುವ ಮೊದಲೇ ಒದ್ದೆ ಬಟ್ಟೆಯಿಂದ ವಸಡು ಒರೆಸಬೇಕು. ಹಲ್ಲು ಕಂಡ ದಿನದಿಂದ ಮೃದು ಬ್ರಷ್ ಹಿಡಿದು ದಿನಕ್ಕೆರಡು ಬಾರಿ ಹಿರಿಯರೇ ಉಜ್ಜಬೇಕು. ಫ್ಲೋರೈಡ್ ಪೇಸ್ಟ್ ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಸಾಕು. ಕೋಲಾರ, ಪಾವಗಡದಂತೆ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಕಡೆ ವೈದ್ಯರ ಸಲಹೆ ಅಗತ್ಯ. ಮೊದಲ ಹುಟ್ಟುಹಬ್ಬದೊಳಗೆ ಒಮ್ಮೆ ದಂತವೈದ್ಯರ ಭೇಟಿಯಾಗಲಿ ಎಂಬುದು ತಜ್ಞರ ಮಾತು.

ಆದರೆ ಹೊಣೆಯನ್ನೆಲ್ಲ ತಾಯಂದಿರ ತಲೆಗೆ ಕಟ್ಟುವುದು ನ್ಯಾಯವಲ್ಲ. ಬಡ ವೃದ್ಧರಿಗೆ ಉಚಿತ ಕೃತಕ ದಂತಪಂಕ್ತಿ ನೀಡುವ ‘ದಂತಭಾಗ್ಯ’ ಯೋಜನೆಯನ್ನು 2014-15ರಲ್ಲಿ ರೂಪಿಸಿದ ರಾಜ್ಯ ನಮ್ಮದು. ಅದು ಸ್ತುತ್ಯರ್ಹ. ಬೊಚ್ಚುಬಾಯಿಯ ಅಜ್ಜಿಗೆ ಸಿಕ್ಕ ಗಮನ ಹಲ್ಲು ಮೂಡುವ ಮೊಮ್ಮಗುವಿಗೂ ಸಿಗಬೇಡವೇ? 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ದಂತ ಸಮಸ್ಯೆಯೂ ಇದೆ. ಅದರ ತಂಡಗಳು ತಪಾಸಣೆ ನಡೆಸುವುದು ಅಂಗನವಾಡಿ, ಸರ್ಕಾರಿ ಶಾಲೆಗಳಲ್ಲಿ. ಅಟ್ಟೂರಿನಂಥ ನಗರದಂಚಿನಲ್ಲಿ ಬಾಡಿಗೆ ಮನೆಯಲ್ಲೋ ಖಾಸಗಿ ಶಿಶುಪಾಲನಾ ಕೇಂದ್ರದಲ್ಲೋ ಬೆಳೆಯುವ ಕೂಸು ಅವರ ಕಣ್ಣಿಗೆ ಬೀಳುವುದೆಂತು?

ಇಂಥ ಕೂಸುಗಳೂ ತಪ್ಪದೆ ಬರುವ ಜಾಗವೊಂದಿದೆ. ಅದೇ ಲಸಿಕೆ ಕೊಠಡಿ. ಒಂಬತ್ತನೇ ತಿಂಗಳ ದಡಾರ-ರುಬೆಲ್ಲಾ ಲಸಿಕೆಯ ವೇಳೆಗೆ ಹೆಚ್ಚಿನ ಮಕ್ಕಳಿಗೆ ಮುಂಬಲ್ಲು ಬಂದಿರುತ್ತದೆ. ಹದಿನಾರರಿಂದ ಇಪ್ಪತ್ತನಾಲ್ಕನೇ ತಿಂಗಳ ಲಸಿಕೆಯ ವೇಳೆಗೆ ದವಡೆ ಹಲ್ಲೂ ಇಣುಕಿರುತ್ತದೆ. ಆ ಎರಡು ದಿನ ಶುಶ್ರೂಷಕಿ ಅರ್ಧ ನಿಮಿಷ ಮಗುವಿನ ತುಟಿ ಎತ್ತಿ ನೋಡಿ, ತಾಯಿ ಕಾರ್ಡಿನಲ್ಲಿ ಒಂದು ಸಾಲು ಬರೆಯಲಿ. ಬಿಳಿ ಗೆರೆ ಕಂಡರೆ ಸಮೀಪದ ದಂತ ಕಾಲೇಜಿಗೆ ಚೀಟಿ ಕೊಡಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಹುದ್ದೆ ಬೇಡ. ಒಂದು ಸುತ್ತೋಲೆ, ಒಂದು ದಿನದ ತರಬೇತಿ ಸಾಕು. ಆರೋಗ್ಯ ಇಲಾಖೆ ಇನ್ನಾದರೂ ಈ ಪುಟ್ಟ ಹೆಜ್ಜೆ ಇಡಲಿ. ನೋವೆಲ್ಲಿದೆಯೆಂದು ಹೇಳಲಾಗದ ಹಸುಳೆಯ ಪರವಾಗಿ ಹಿರಿಯರೇ ಮೊದಲು ನೋಡಬೇಕಲ್ಲವೇ?