ಗೆಲ್ಲುವ ಎಲೆಯನ್ನೂ ಕೆಳಗಿಡಿಸುವ ಲೆಕ್ಕ

ರಾಜ್ಯದ ಆನ್‌ಲೈನ್ ಜೂಜು ನಿಷೇಧದ ತಿದ್ದುಪಡಿಯನ್ನು ಕರ್ನಾಟಕ ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿದ ವಾರವೇ ನನ್ನ ಸೋದರಳಿಯ ಮನೆಗೆ ಬಂದಿದ್ದ. ‘ಮಾವ, ಇನ್ನಾದರೂ ಒಪ್ಪಿಕೊಳ್ಳಿ. ಇದು ಜೂಜಲ್ಲ, ಲೆಕ್ಕ. ಕೋರ್ಟೇ ಹೇಳಿದೆ’ ಎಂದ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ದುಡಿಯುವ ಈ ಹುಡುಗ, ರಾತ್ರಿ ಊಟವಾದ ಮೇಲೆ ಮೊಬೈಲ್‌ನಲ್ಲಿ ಪೋಕರ್ ಪಂದ್ಯಾವಳಿ ಆಡುತ್ತಿದ್ದ. ಪ್ರಸ್ತಾವವನ್ನು ಓದದೆಯೇ ‘ತಿರಸ್ಕರಿಸಲಾಗಿದೆ’ ಎಂದು ಷರಾ ಬರೆಯುವುದು ಸೇವೆಯಲ್ಲಿದ್ದಾಗಲೂ ನನಗೆ ಒಗ್ಗಿರಲಿಲ್ಲ. ಕಾಗದ ತಂದು, ಆ ಲೆಕ್ಕ ಯಾವುದೆಂದು ತೋರಿಸು ಎಂದೆ.

ಪಂದ್ಯಾವಳಿಯಲ್ಲಿ ಪ್ರವೇಶ ಶುಲ್ಕ ಕಟ್ಟಿದವರಿಗೆಲ್ಲ ಚಿಪ್ ಎಂಬ ಬಿಲ್ಲೆಗಳನ್ನು ಸಮನಾಗಿ ಕೊಡುತ್ತಾರೆ. ಬಿಲ್ಲೆ ಮುಗಿದವನು ಹೊರಗೆ. ಆಟ ಸಾಗಿದಂತೆ ಕಡ್ಡಾಯ ಪಣ ಏರುತ್ತ ಹೋಗುತ್ತದೆ. ಕೊನೆಕೊನೆಗೆ ಆಟಗಾರನಿಗೆ ಉಳಿಯುವ ದಾರಿಗಳು ಮೂರೇ: ಇರುವುದನ್ನೆಲ್ಲ ತಾನೇ ಮೊದಲು ಮುಂದಕ್ಕೆ ತಳ್ಳುವುದು, ಅಂದರೆ ಪುಷ್, ಇನ್ನೊಬ್ಬ ತಳ್ಳಿದ್ದಕ್ಕೆ ಸರಿಗಟ್ಟುವುದು, ಅಂದರೆ ಕಾಲ್, ಎಲೆ ಕೆಳಗಿಟ್ಟು ಆ ಸುತ್ತಿನಿಂದ ಸರಿಯುವುದು, ಅಂದರೆ ಫೋಲ್ಡ್.

ಹತ್ತು ಜನ ತಲಾ 1,000 ರೂಪಾಯಿ ಕಟ್ಟಿದ್ದಾರೆನ್ನಿ. ಬಹುಮಾನ ಕ್ರಮವಾಗಿ 5,000, 3,000 ಮತ್ತು 2,000 ರೂಪಾಯಿ. ನಾಲ್ಕನೆಯವನಿಗೆ ಏನೂ ಇಲ್ಲ. ನಾಲ್ವರು ಉಳಿದಿದ್ದಾರೆ, ಎಲ್ಲರ ಬಳಿಯೂ ಸಮಾನ ಬಿಲ್ಲೆಗಳಿವೆ. ಹಾಗಾದರೆ ಒಬ್ಬೊಬ್ಬನ ಸ್ಥಾನದ ಸರಾಸರಿ ಬೆಲೆ 2,500 ರೂಪಾಯಿ. ಒಬ್ಬ ಎಲ್ಲವನ್ನೂ ಮುಂದಕ್ಕೆ ತಳ್ಳುತ್ತಾನೆ. ಅವನಲ್ಲಿರುವುದು ಎಕ್ಕ ಮತ್ತು ರಾಜ ಎಂದು ನಿಮಗೆ ಹೇಗೋ ಖಚಿತವಾಗಿ ಗೊತ್ತು. ನಿಮ್ಮಲ್ಲಿ ಎಂಟರ ಜೋಡಿ. ಗೆಲ್ಲುವ ಸಂಭವ ಸುಮಾರು ಶೇ 55, ಅಂದರೆ ಮೇಲುಗೈ ನಿಮ್ಮದೇ. ಸರಿಗಟ್ಟಬೇಕೆ?

ಸರಿಗಟ್ಟಬಾರದು. ಗೆದ್ದರೆ ಬಿಲ್ಲೆ ಇಮ್ಮಡಿಯಾಗುತ್ತದೆ, ಹಣ ಇಮ್ಮಡಿಯಾಗುವುದಿಲ್ಲ. ಬಿಲ್ಲೆಗಳ ಪಾಲಿನಷ್ಟೇ ಮೊದಲ ಸ್ಥಾನದ ಸಂಭವ, ಉಳಿದ ಸ್ಥಾನಗಳೂ ಅದೇ ಕ್ರಮದಲ್ಲಿ ಎಂದು ಹಿಡಿದರೆ, ಅರ್ಧದಷ್ಟು ಬಿಲ್ಲೆ ಇರುವವನ ಸ್ಥಾನದ ಬೆಲೆ 3,833 ರೂಪಾಯಿ ಮಾತ್ರ. ಅದರ ಶೇ 55 ಎಂದರೆ 2,108. ಕೈಯಲ್ಲಿರುವ 2,500ಕ್ಕಿಂತ ಸುಮಾರು 400 ರೂಪಾಯಿ ಕಡಿಮೆ. ಕಡ್ಡಾಯ ಪಣವನ್ನು ಲೆಕ್ಕದಿಂದ ಬಿಟ್ಟರೆ, ಸರಿಗಟ್ಟಲು ಗೆಲುವಿನ ಸಂಭವ ಶೇ 65 ದಾಟಬೇಕು. ಅದೇ ಎಂಟರ ಜೋಡಿ ಹಿಡಿದು ನೀವೇ ಮೊದಲು ತಳ್ಳಿದ್ದರೆ ಮಾತು ಬೇರೆ. ಉಳಿದವರಿಗೂ ಇದೇ ಲೆಕ್ಕ ಅನ್ವಯಿಸುವುದರಿಂದ ಅವರು ಹಿಂದೆಗೆಯಬಹುದು. ಕಾದಾಡದೆಯೇ ಪಣ ನಿಮ್ಮದಾಗುತ್ತದೆ.

ಇಬ್ಬರು ಕಾದಾಡಿ ಒಬ್ಬ ಹೊರಬಿದ್ದಾಗ, ಎಲೆ ಮುಟ್ಟದೆ ಕುಳಿತ ಉಳಿದಿಬ್ಬರ ಸ್ಥಾನದ ಬೆಲೆ 2,500ರಿಂದ 3,083ಕ್ಕೆ ಏರುತ್ತದೆ! ಕಾದಾಡಿದವರು ಕಳೆದದ್ದು ನೋಡುತ್ತ ಕುಳಿತವರ ಜೇಬಿಗೆ. ಅರ್ಥಶಾಸ್ತ್ರದ ತರಗತಿಯಲ್ಲಿ ನಾವು ಓದಿದ, ಡೇನಿಯಲ್ ಬರ್ನೂಲಿ 1738ರಲ್ಲೇ ಹೇಳಿದ್ದ ಕ್ಷೀಣಿಸುವ ಸೀಮಾಂತ ತುಷ್ಟಿಗುಣದ ನೆನಪಾಯಿತು. ಜಾನ್ ಫಾನ್ ನ್ಯೂಮನ್ ಮತ್ತು ಆಸ್ಕರ್ ಮಾರ್ಗೆನ್‌ಸ್ಟರ್ನ್ ತಮ್ಮ 1944ರ ಗ್ರಂಥದಲ್ಲಿ ಪೋಕರ್‌ಗೆ ಒಂದು ವಿಭಾಗವನ್ನೇ ಮೀಸಲಿಟ್ಟದ್ದು ವಿನೋದಕ್ಕಲ್ಲ.

ಆದ್ದರಿಂದ ಪೋಕರ್‌ನಲ್ಲಿ ಕೌಶಲವಿದೆಯೆಂಬುದನ್ನು ನಾನು ಒಪ್ಪುತ್ತೇನೆ. ರಮ್ಮಿಯಲ್ಲಿ ಕೌಶಲವೇ ಪ್ರಧಾನವೆಂದು ಸುಪ್ರೀಂ ಕೋರ್ಟ್ 1967ರಲ್ಲಿಯೂ, ಕುದುರೆ ಪಂದ್ಯವೂ ಅಂಥದೇ ಎಂದು 1996ರಲ್ಲಿಯೂ ಹೇಳಿದೆ. ನನ್ನ ತಕರಾರು ಇಲ್ಲಿಂದ ಮುಂದಿನದು. ಕೌಶಲವಿದೆ, ಆದ್ದರಿಂದ ಅಪಾಯವಿಲ್ಲ ಎಂಬ ತರ್ಕ ತಲೆಕೆಳಗಾದುದು. ಶುದ್ಧ ಅದೃಷ್ಟದಾಟದಲ್ಲಿ ದಡ್ಡನೂ ಜಾಣನೂ ಸಮಾನವಾಗಿ ಸೋಲುತ್ತಾರೆ. ಕೌಶಲದಾಟದಲ್ಲಿ, ಶೇ 55ರ ಆಸೆಗೆ ಸರಿಗಟ್ಟುವವನು ಶೇ 65ರ ಲೆಕ್ಕ ಬಲ್ಲವನಿಗೆ ತಿಂಗಳುಗಟ್ಟಲೆ ಕಪ್ಪ ಕಟ್ಟುತ್ತಾನೆ. ಇದರ ಮೇಲೆ ಕಂಪನಿಯ ಶುಲ್ಕ. ಮೇಜಿನ ಮೇಲಿನ ಹಣ ತಾನಾಗಿ ಬೆಳೆಯುವುದಿಲ್ಲವಾದ್ದರಿಂದ, ಸರಾಸರಿ ಆಟಗಾರ ಸೋಲಲೇಬೇಕು.

ನನ್ನ ಸೋದರಳಿಯ ಲೆಕ್ಕ ಬಲ್ಲವನೇ. ಆದರೂ ಕೆಟ್ಟ. ಪಂದ್ಯಾವಳಿಯ ಒಂದು ಗುಣವೆಂದರೆ ನಷ್ಟಕ್ಕೆ ಮಿತಿಯಿರುವುದು. 1,000 ಕಟ್ಟಿದವನು ಕಳೆದುಕೊಳ್ಳುವುದು 1,000. ಮರುಪ್ರವೇಶದ ಸೌಲಭ್ಯ ಆ ಮಿತಿಯನ್ನು ಅಳಿಸಿಹಾಕುತ್ತದೆ. ಸೋತ ಮರುಕ್ಷಣವೇ ‘ಮತ್ತೆ ಪ್ರವೇಶಿಸಿ’ ಎಂಬ ಗುಂಡಿ. ರಾತ್ರಿ ಎರಡು ಗಂಟೆಗೆ ಅದನ್ನು ಒತ್ತುವ ಬೆರಳಿಗೆ ಯಾವ ಸೂತ್ರ ನೆನಪಿರುತ್ತದೆ? ಸಂಬಳ ಸಾಲದಾದಾಗ ಸಾಲದ ಆ್ಯಪ್‌ಗಳು ಬಂದವು. ನನ್ನ ತಂಗಿಯ ಬ್ಯಾಂಕ್ ಠೇವಣಿ ಅವಧಿಗೆ ಮುನ್ನವೇ ಮುರಿಯಿತು.

ಸರ್ಕಾರ ಮಾಡಿದ್ದೇನು? 2023ರ ಅಕ್ಟೋಬರ್‌ನಿಂದ ಆಟಗಾರರ ಠೇವಣಿಯ ಪೂರ್ಣ ಮೊತ್ತದ ಮೇಲೆ ಶೇ 28 ಜಿಎಸ್‌ಟಿ ವಿಧಿಸಿತು. ಎರಡು ವರ್ಷ ತುಂಬುವ ಮೊದಲೇ, 2025ರ ಆಗಸ್ಟ್‌ನಲ್ಲಿ, ಕೌಶಲವೋ ಅದೃಷ್ಟವೋ ಎಂದು ನೋಡದೆ ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸುವ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿತು. ಆಡಿಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿವರೆಗೆ ದಂಡ; ಆಡುವವರಿಗೆ ಶಿಕ್ಷೆಯಿಲ್ಲ. ಹೈಕೋರ್ಟ್‌ಗಳಲ್ಲಿ ಇದನ್ನು ಪ್ರಶ್ನಿಸಿದ್ದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ಅದೇ ಸೆಪ್ಟೆಂಬರ್‌ನಲ್ಲಿ ತನ್ನಲ್ಲಿಗೆ ವರ್ಗಾಯಿಸಿಕೊಂಡಿತು.

ಕೌಶಲದ ಚರ್ಚೆಯನ್ನು ಕೈಬಿಟ್ಟದ್ದು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಅದರ ಜಾಗದಲ್ಲಿ ಕೇಳಬೇಕಿದ್ದ ಪ್ರಶ್ನೆ ಬೇರೆಯಿತ್ತು: ಒಬ್ಬ ವ್ಯಕ್ತಿ ಒಂದು ರಾತ್ರಿಯಲ್ಲಿ, ಒಂದು ತಿಂಗಳಲ್ಲಿ ಎಷ್ಟು ಕಳೆದುಕೊಳ್ಳಬಲ್ಲ? ಮಾಸಿಕ ಠೇವಣಿಗೆ ಮಿತಿ, ಮರುಪ್ರವೇಶಕ್ಕೆ ತಡೆ, ಸಾಲದ ಹಣದಿಂದ ಆಡುವುದಕ್ಕೆ ನಿರ್ಬಂಧ ಹೇರಿದ್ದರೆ, ಮಿತಿಯುಳ್ಳ ಪಂದ್ಯಾವಳಿಯನ್ನು ತಳವಿಲ್ಲದ ಆಟದಿಂದ ಬೇರ್ಪಡಿಸಬಹುದಿತ್ತು. ಅದಕ್ಕೆ ನಿತ್ಯದ ಮೇಲ್ವಿಚಾರಣೆ ಬೇಕು. ನಿಷೇಧಕ್ಕೆ ಒಂದು ಅಧಿಸೂಚನೆ ಸಾಕು. ಯಾವುದು ಸುಲಭವೋ ಅದನ್ನೇ ಆರಿಸಿಕೊಳ್ಳುವ ಅಭ್ಯಾಸ ನಮ್ಮ ಇಲಾಖೆಗಳಿಗೆ ಹೊಸತಲ್ಲ. ನಾನೂ ಆ ಕುರ್ಚಿಯಲ್ಲಿ ಕುಳಿತವನೇ. ನಿಷೇಧವಾದರೆ ಚಟ ಹತ್ತಿದವನು ತೆರಿಗೆಯೂ ಇಲ್ಲದ, ದೂರು ಕೇಳುವವರೂ ಇಲ್ಲದ ವಿದೇಶಿ ತಾಣಗಳನ್ನು ಹುಡುಕಿಕೊಂಡು ಹೋಗುವ ಸಾಧ್ಯತೆಯನ್ನೂ ತೂಗಬೇಕಿತ್ತು.

ನನ್ನ ತಂಗಿ ಈ ವಾದವನ್ನು ಒಪ್ಪುವುದಿಲ್ಲ. ‘ಮಿತಿಗಿತಿ ಎಲ್ಲ ನಿಮ್ಮ ಫೈಲಿನಲ್ಲಿರಲಿ ಅಣ್ಣಾ, ಆ ಆಗಸ್ಟ್ ತಿಂಗಳಿಂದ ಅವನು ರಾತ್ರಿ ನಿದ್ದೆ ಮಾಡುತ್ತಿದ್ದಾನೆ’ ಎನ್ನುತ್ತಾಳೆ. ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ಅವನ ಸಾಲದ ಕಂತುಗಳಲ್ಲಿ ಹದಿನಾಲ್ಕು ಇನ್ನೂ ಬಾಕಿ ಇವೆ.